ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ: ನಾವು ಪಡೆದ ಎರಡು ಕಾನೂನು ಸೇವೆಗಳ ವಿಮರ್ಶೆ

ಕಂದಾಯ ಇಲಾಖೆಯಲ್ಲಿ 34 ವರ್ಷ ಕಡತಗಳ ನಡುವೆ ಕಳೆದ ನನಗೆ, ಯಾವುದೇ ಅರ್ಜಿಯ ಎರಡನೆಯ ಪ್ಯಾರಾ ಮುಗಿಯುವಷ್ಟರಲ್ಲಿ, ಅದನ್ನು ಬರೆದವರು ಅರ್ಜಿದಾರರ ಮಾತನ್ನು ಕೂತು ಕೇಳಿದ್ದಾರೋ ಅಥವಾ ಹಳೆಯ ನಮೂನೆಯೊಂದರಲ್ಲಿ ಹೆಸರು ಬದಲಾಯಿಸಿ ಕೊಟ್ಟಿದ್ದಾರೋ ಎಂಬುದು ತಿಳಿದುಬಿಡುತ್ತದೆ. ನನ್ನ ಮಗಳ ವಿಚ್ಛೇದನದ ಪ್ರಕರಣಕ್ಕಾಗಿ ನಾವು ಎರಡು ಕಡೆ ಹಣ ಕೊಟ್ಟೆವು. ಮೊದಲನೆಯದು ನಿಗದಿತ ದರಕ್ಕೆ ‘ವಿಚ್ಛೇದನ ಪ್ಯಾಕೇಜ್’ ಮಾರುವ ಒಂದು ಆನ್‌ಲೈನ್ ಕಂಪನಿ. ಎರಡನೆಯದು ನಮ್ಮ ಜಿಲ್ಲಾ ಕೇಂದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿರುವ ಒಬ್ಬ ವಕೀಲೆಯ ಕಚೇರಿ. ಈ ಎರಡೂ ಸೇವೆಗಳನ್ನು ಕುರಿತು, ಇದೇ ದಾರಿಯಲ್ಲಿ ನಡೆಯಬೇಕಾಗಿ ಬಂದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಹೆಸರುಗಳನ್ನು ಬರೆಯದಿರುವುದಕ್ಕೆ ಸಂಕೋಚವೊಂದೇ ಕಾರಣವಲ್ಲ. ಹಿಂದೂ ವಿವಾಹ ಅಧಿನಿಯಮದ 22ನೆಯ ಕಲಮಿನ ಪ್ರಕಾರ ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ ಮತ್ತು ಅದರ ವಿವರಗಳನ್ನು ಅಚ್ಚು ಮಾಡುವುದು, ಪ್ರಕಟಿಸುವುದು ನಿಷಿದ್ಧ. ಆದ್ದರಿಂದ ಊರು, ನ್ಯಾಯಾಲಯ, ವಕೀಲರು, ಎದುರುದಾರರು ಯಾರೆಂಬುದು ಇಲ್ಲಿ ಇರುವುದಿಲ್ಲ, ಮಗಳು ಅನುಭವಿಸಿದ್ದರಲ್ಲೂ ಸೇವೆಯ ಗುಣವನ್ನು ತೋರಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ, ಗುರುತು ಸಿಗದಂತೆ, ಅವಳ ಒಪ್ಪಿಗೆ ಪಡೆದು ಹೇಳಿದ್ದೇನೆ.

ಮಗಳು ತವರಿಗೆ ಬಂದದ್ದು 2021ರ ಮಾರ್ಚ್‌ನಲ್ಲಿ. ಆಗಸ್ಟ್ ಹೊತ್ತಿಗೆ ಇನ್ನು ಹಿಂದಿರುಗುವುದಿಲ್ಲ ಎಂದು ಅವಳು ಗಟ್ಟಿಯಾಗಿ ಹೇಳಿದಾಗ, ಪರಿಚಿತ ವಕೀಲರ ಬಳಿ ಹೋದರೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂದು ಹೆದರಿದವನು ನಾನೇ. ಆನ್‌ಲೈನ್ ಕಂಪನಿಯನ್ನು ಹುಡುಕಿದವನೂ ನಾನೇ. ಪ್ಯಾಕೇಜಿನ ಬೆಲೆ 29,999 ರೂ.; ಅದರಲ್ಲಿ 15,000 ರೂ. ಮುಂಗಡ. ಹಣ ಸಂದಾಯವಾದ ಹತ್ತು ನಿಮಿಷದಲ್ಲಿ ನಾಲ್ಕು ಪುಟಗಳ ಒಂದು ನಮೂನೆ ಬಂತು. ಅದರಲ್ಲಿ ‘ಕ್ರೌರ್ಯದ ಸ್ವರೂಪ’ ಎಂಬ ಶೀರ್ಷಿಕೆಯ ಕೆಳಗೆ ದೈಹಿಕ, ಮಾನಸಿಕ, ವರದಕ್ಷಿಣೆ, ಇತರೆ ಎಂಬ ನಾಲ್ಕು ಚೌಕಗಳಿದ್ದು, ಅನ್ವಯಿಸುವುದಕ್ಕೆ ಗುರುತು ಹಾಕಬೇಕಿತ್ತು. ನಾಲ್ಕು ವರ್ಷದ ಸಂಸಾರವನ್ನು ನಾಲ್ಕು ಚೌಕಗಳಲ್ಲಿ ತುಂಬಿದ ಮೇಲೆ, ‘ಕಾನೂನು ಸಲಹೆಗಾರ’ ಎಂದು ಪರಿಚಯಿಸಿಕೊಂಡ ಒಬ್ಬ ಯುವಕನಿಂದ 22 ನಿಮಿಷಗಳ ಒಂದು ಫೋನ್ ಕರೆ. ಆರನೆಯ ದಿನ ಅರ್ಜಿಯ ಕರಡು ಇಮೇಲಿನಲ್ಲಿ ಬಂತು: ಇಂಗ್ಲಿಷಿನಲ್ಲಿ, ಹನ್ನೊಂದು ಪುಟ.

ವೇಗಕ್ಕೆ ಪೂರ್ತಿ ಅಂಕ ಕೊಡಬೇಕು. ಅದನ್ನು ಬಿಟ್ಟು ಬೇರೆ ಯಾವುದಕ್ಕೂ ಕೊಡಲಾರೆ. ‘ಮದುವೆಯಾದ ದಿನದಿಂದಲೇ ಎದುರುದಾರನು ಅರ್ಜಿದಾರಳನ್ನು ಕ್ರೂರವಾಗಿ, ಅಮಾನವೀಯವಾಗಿ ನಡೆಸಿಕೊಂಡನು’ ಎಂಬ ಅರ್ಥದ ವಾಕ್ಯ ಮೂರು ಕಡೆ ಇತ್ತು. ಯಾವ ದಿನ, ಎಲ್ಲಿ, ಏನು ಮಾಡಿದ, ಯಾರು ಕಂಡರು ಎಂಬುದು ಒಂದು ಕಡೆಯೂ ಇರಲಿಲ್ಲ. ಏಳನೆಯ ಪ್ಯಾರಾದಲ್ಲಿ ಗಂಡನ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಹೆಸರು ಉಳಿದುಕೊಂಡಿತ್ತು. ಒಂಬತ್ತನೆಯದರಲ್ಲಿ ಅವನು ಪ್ರತಿದಿನ ಕುಡಿದು ಬರುತ್ತಿದ್ದನೆಂದು ಬರೆದಿತ್ತು. ಆ ಮನುಷ್ಯನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಅವನು ಕುಡಿಯುವವನಲ್ಲ. ಕೇಳಿದರೆ, ‘ಸರ್, ಅದು ಸ್ಟ್ಯಾಂಡರ್ಡ್ ಪ್ಯಾರಾ, ಇದ್ದರೆ ಕೇಸ್ ಸ್ಟ್ರಾಂಗ್ ಆಗುತ್ತೆ’ ಎಂಬ ಉತ್ತರ ಬಂತು.

ಆ ಉತ್ತರ ಎಷ್ಟು ಅಪಾಯಕಾರಿ ಎಂಬುದು ನನಗೆ ಅರ್ಥವಾದದ್ದು ನಂತರ. ಸುಳ್ಳು ಆರೋಪ ಕೇವಲ ಬಿದ್ದುಹೋಗುವ ಆರೋಪವಲ್ಲ, ಅದನ್ನು ಮಾಡಿದವರ ಮೇಲೆಯೇ ತಿರುಗಿ ಬೀಳುವಂಥದ್ದು. ವಿ. ಭಗತ್ ಪ್ರಕರಣದಲ್ಲಿ 1993ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ನ್ಯಾಯಾಲಯದ ಕಾಗದಗಳಲ್ಲಿ ಸಂಗಾತಿಯ ಮೇಲೆ ಹೊರಿಸಿದ ಆಧಾರರಹಿತ ಹೀನ ಆರೋಪಗಳು ತಾವೇ ಮಾನಸಿಕ ಕ್ರೌರ್ಯವಾಗಬಲ್ಲವು ಎಂದು ಹೇಳಿದೆ, 2013ರ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಳ್ಳು ದೂರುಗಳಿಗೂ ಅದೇ ಮಾತನ್ನು ಅನ್ವಯಿಸಿದೆ. ಕಂಪನಿಯ ಯುವಕನು ಕರಡಿನ ಜೊತೆಗೆ ಇನ್ನೊಂದು ಸಲಹೆಯನ್ನೂ ಉಚಿತವಾಗಿ ಕೊಟ್ಟಿದ್ದ: ಮೊದಲು ಆಗಿನ ದಂಡ ಸಂಹಿತೆಯ 498ಎ (ಗಂಡ ಮತ್ತು ಅವನ ಬಂಧುಗಳ ಕ್ರೌರ್ಯದ ಅಪರಾಧ) ಅಡಿಯಲ್ಲಿ ಅತ್ತೆ, ಮಾವ, ನಾದಿನಿ ಎಲ್ಲರ ಹೆಸರೂ ಸೇರಿಸಿ ಪೊಲೀಸ್ ದೂರು ಕೊಟ್ಟರೆ ಆ ಕಡೆಯವರು ತಾವಾಗಿಯೇ ದಾರಿಗೆ ಬರುತ್ತಾರಂತೆ. ನಾದಿನಿಯು ನನ್ನ ಮಗಳ ಪರವಾಗಿ ತನ್ನ ಅಣ್ಣನೊಡನೆ ಜಗಳವಾಡಿದ ಹುಡುಗಿ.

ತಪ್ಪುಗಳು ಇನ್ನೂ ಇದ್ದವು. ಅರ್ಜಿಯನ್ನು ಅಳಿಯನಿದ್ದ ಮಹಾನಗರದ ನ್ಯಾಯಾಲಯಕ್ಕೆ ಬರೆಯಲಾಗಿತ್ತು. ಕಂಪನಿಯ ವಕೀಲರು ಅಲ್ಲಿದ್ದರೆಂಬುದೇ ಅದಕ್ಕೆ ಕಾರಣ. ಹೆಂಡತಿ ಅರ್ಜಿದಾರಳಾಗಿದ್ದರೆ ಅವಳು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಬಹುದೆಂದು ಹಿಂದೂ ವಿವಾಹ ಅಧಿನಿಯಮದ 19ನೆಯ ಕಲಮಿಗೆ 2003ರಲ್ಲಿಯೇ ತಿದ್ದುಪಡಿಯಾಗಿದೆ. ಅದು ನಮಗೆ ತಿಳಿಯದೆ ಹೋಗಿದ್ದರೆ ನನ್ನ ಮಗಳು ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹತ್ತಬೇಕಿತ್ತು. ಅವಳು ಶಿಕ್ಷಕಿ, ಸಂಬಳವಿದೆ. ಆದರೂ ಜೀವನಾಂಶದ ಅರ್ಜಿಯಲ್ಲಿ ‘ಯಾವುದೇ ಆದಾಯವಿಲ್ಲ’ ಎಂದಿತ್ತು. ‘ಒಂದು ವರ್ಷ ಬೇರೆ ಇದ್ದರೆ ಮದುವೆ ಮುರಿದುಬಿದ್ದಿದೆ ಎಂಬ ಕಾರಣಕ್ಕೇ ವಿಚ್ಛೇದನ ಸಿಗುತ್ತದೆ’ ಎಂದು ಫೋನಿನಲ್ಲಿ ಹೇಳಿದ್ದೂ ಸರಿಯಲ್ಲ. ಸರಿಪಡಿಸಲಾಗದಂತೆ ಮುರಿದ ದಾಂಪತ್ಯ ಎಂಬುದು ಹಿಂದೂ ವಿವಾಹ ಅಧಿನಿಯಮದಲ್ಲಿ ಪ್ರತ್ಯೇಕ ಆಧಾರವೇ ಅಲ್ಲ. ಸಂವಿಧಾನದ 142ನೆಯ ವಿಧಿಯ ಅಡಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮಾತ್ರ ಆ ಕಾರಣಕ್ಕೆ ವಿಚ್ಛೇದನ ಕೊಡಬಲ್ಲದು; 2023ರ ಮೇ 1ರಂದು ಅದರ ಸಂವಿಧಾನ ಪೀಠವು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಈ ಅಧಿಕಾರವನ್ನು ಸ್ಪಷ್ಟಪಡಿಸಿದೆ. ಕೆಳಗಿನ ನ್ಯಾಯಾಲಯದಲ್ಲಿ ನಮ್ಮಂಥವರು ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಲೇಬೇಕು.

ಕರಡಿನ ಮುದ್ರಿತ ಪ್ರತಿಯನ್ನು ಹಿಡಿದುಕೊಂಡು ನಾವು ವಕೀಲೆಯ ಕಚೇರಿಗೆ ಹೋದದ್ದು ಅದೇ ವರ್ಷದ ನವೆಂಬರಿನಲ್ಲಿ. ಅವರು ಅದನ್ನು ಹತ್ತು ನಿಮಿಷ ಓದಿ, ಮಡಚಿ ನನಗೇ ಹಿಂದಿರುಗಿಸಿದರು. ಆಮೇಲೆ, ‘ಯಜಮಾನ್ರೇ, ನೀವು ಸ್ವಲ್ಪ ಹೊರಗಡೆ ಕೂತಿರಿ, ನಾನು ನಿಮ್ಮ ಮಗಳ ಜೊತೆ ಮಾತಾಡ್ತೀನಿ’ ಎಂದರು. ಹಣ ಕೊಡುವವನು ನಾನು, ತಂದೆ ನಾನು, ನನ್ನನ್ನು ಹೊರಗೆ ಕೂರಿಸುವುದೇ ಎಂದು ಆ ದಿನ ನಿಜಕ್ಕೂ ಮನಸ್ಸಿಗೆ ಚುಚ್ಚಿತು. ಎರಡು ಗಂಟೆಯ ನಂತರ ಬಾಗಿಲು ತೆರೆಯಿತು. ನಾನು ಎದುರಿಗಿದ್ದಾಗ ಮಗಳು ಎಂಟು ತಿಂಗಳಲ್ಲಿ ಒಮ್ಮೆಯೂ ಬಾಯಿಬಿಡದ ಎರಡು ಸಂಗತಿಗಳು ಅರ್ಜಿಯಲ್ಲಿ ಮುಂದೆ ಬಂದವು. ಪ್ರಕರಣದ ಬೆನ್ನೆಲುಬೂ ಅವೇ ಆದವು. ಕಕ್ಷಿದಾರರು ಯಾರು, ಕಕ್ಷಿದಾರರ ಅಪ್ಪ ಯಾರು ಎಂಬುದನ್ನು ತಿಳಿದು ನಡೆದುಕೊಳ್ಳುವ ವಕೀಲರನ್ನು ಹುಡುಕಿ ಎಂದು ಯಾರಿಗಾದರೂ ಮೊದಲು ಹೇಳಬೇಕೆನಿಸುವುದು ಈ ಕಾರಣಕ್ಕೆ.

ಮನೆಗೆ ಹೊರಡುವಾಗ ಅವರು ಮಗಳಿಗೆ 200 ಪುಟದ ಒಂದು ನೋಟ್‌ಬುಕ್ ಕೊಟ್ಟು, ನಡೆದದ್ದನ್ನೆಲ್ಲ ದಿನಾಂಕವಾರು ಬರೆಯಲು ಹೇಳಿದರು. ದಿನಾಂಕ ನೆನಪಿಲ್ಲದಿದ್ದರೆ ಹಬ್ಬವೋ ಪರೀಕ್ಷೆಯೋ ಯಾರ ಮದುವೆಯೋ ಹತ್ತಿರವಿದ್ದದ್ದನ್ನು ಬರೆಯಬೇಕು. ಬೈಗುಳವಿದ್ದರೆ ಅದೇ ಮಾತಿನಲ್ಲಿ ಬರೆಯಬೇಕು. ಎದುರಿಗೆ ಯಾರಿದ್ದರು, ಆಮೇಲೆ ಯಾರಿಗೆ ಫೋನ್ ಮಾಡಿದೆ ಎಂಬುದನ್ನು ಬರೆಯಬೇಕು. ತಾನು ತಿರುಗಿ ಏನೆಂದೆ ಎಂಬುದನ್ನೂ ಮುಚ್ಚಿಡದೆ ಬರೆಯಬೇಕು. ಮೂರು ವಾರಗಳಲ್ಲಿ ಮಗಳು 23 ಘಟನೆಗಳನ್ನು ಬರೆದಳು. ವಕೀಲೆ ಅವುಗಳಲ್ಲಿ ಉಳಿಸಿಕೊಂಡದ್ದು 9.

ಈ ಹೊಡೆದುಹಾಕುವ ಕೆಲಸದಲ್ಲಿಯೇ ಅವರ ಅನುಭವ ಕಂಡದ್ದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ನೆಂಟರ ಎದುರು ಆಡಿದ ಮಾತು, ಗಂಡ ಹುಟ್ಟುಹಬ್ಬ ಮರೆತದ್ದು, ಗೌರಿ ಹಬ್ಬಕ್ಕೆ ತವರಿಗೆ ಒಂದು ದಿನ ತಡವಾಗಿ ಕಳಿಸಿದ್ದು, ಇವೆಲ್ಲ ಹೋದವು. ನನ್ನ ಹೆಂಡತಿಗೆ ಅದು ಹಿಡಿಸಲಿಲ್ಲ. ಅವಳ ಮಟ್ಟಿಗೆ ಹಬ್ಬದ ವಿಷಯವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ‘ಇದು ಸಂಸಾರದ ಸವೆತ ಕಣಮ್ಮ, ಕ್ರೌರ್ಯ ಅಲ್ಲ. ಇದನ್ನೂ ಅದನ್ನೂ ಒಂದೇ ಸಾಲಲ್ಲಿ ಇಟ್ಟರೆ ಅದೂ ಸಣ್ಣದಾಗಿ ಕಾಣುತ್ತೆ’ ಎಂದು ವಕೀಲೆ ಅವಳಿಗೆ ತಾಳ್ಮೆಯಿಂದ ಹೇಳಿದರು. ದಾಂಪತ್ಯದ ದಿನನಿತ್ಯದ ಸವೆತವನ್ನು ಕ್ರೌರ್ಯವೆನ್ನಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ಹಲವು ತೀರ್ಪುಗಳಲ್ಲಿ ಹೇಳಿರುವುದನ್ನು ನಾನು ಆಮೇಲೆ ಓದಿ ತಿಳಿದೆ.

ಉಳಿದ ಒಂಬತ್ತರ ಪಕ್ಕದಲ್ಲಿ ಅವರು ಕೆಂಪು ಶಾಯಿಯಲ್ಲಿ ಒಂದೊಂದು ಪ್ರಶ್ನೆ ಬರೆದರು: ‘ಇದಕ್ಕೆ ಕಾಗದ ಏನಿದೆ?’ ಸಂಬಳದ ಖಾತೆಯ ಎಟಿಎಂ ಕಾರ್ಡನ್ನು ಗಂಡನೇ ಇಟ್ಟುಕೊಂಡಿದ್ದುದಕ್ಕೆ, ಅವಳು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ಗಂಡನ ಕಚೇರಿಯ ಪಕ್ಕದ ಯಂತ್ರದಿಂದ ಹಣ ತೆಗೆದ ದಾಖಲೆ ಬ್ಯಾಂಕಿನಲ್ಲಿ ಸಿಕ್ಕಿತು. ನಿವೇಶನ ಕೊಳ್ಳಲು ಹಣ ತರುವಂತೆ ಒತ್ತಾಯಿಸಿದ್ದಕ್ಕೆ ನನ್ನ ಪಾಸ್‌ಬುಕ್ಕೇ ಸಾಕ್ಷಿಯಾಯಿತು. 2018ರಲ್ಲಿ ನಾನು ಅಳಿಯನ ಖಾತೆಗೆ ಆರ್‌ಟಿಜಿಎಸ್ ಮೂಲಕ ಕಳಿಸಿದ ಮೂರು ಲಕ್ಷ ರೂಪಾಯಿ ಅದರಲ್ಲಿತ್ತು. ರಾತ್ರಿ ಬಾಗಿಲು ಹಾಕಿ ಅವಳನ್ನು ಹೊರಗೆ ನಿಲ್ಲಿಸಿದ್ದಕ್ಕೆ ಕೆಳಮನೆಯ ವೃದ್ಧೆಯೊಬ್ಬರು ಸಾಕ್ಷಿ ಹೇಳಲು ಒಪ್ಪಿದರು. ಶಾಲೆಯ ಮುಖ್ಯಸ್ಥರಿಗೆ ಅವನು ಕಳಿಸಿದ ಹೀನಾಯ ಸಂದೇಶಗಳು ಮೊಬೈಲಿನಲ್ಲಿಯೇ ಇದ್ದವು.

ಮೊಬೈಲಿನ ವಿಷಯದಲ್ಲಿ ಅವರ ಎಚ್ಚರ ವಿಶೇಷವಾಗಿತ್ತು. ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದರೆ ಸಾಲದು, ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಮೂಲ ಮೊಬೈಲನ್ನು ಪ್ರಕರಣ ಮುಗಿಯುವವರೆಗೆ ಮಾರುವುದಾಗಲಿ ರಿಸೆಟ್ ಮಾಡುವುದಾಗಲಿ ಕೂಡದು ಎಂದು ಮೊದಲ ವಾರವೇ ಎಚ್ಚರಿಸಿದರು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿರುವುದರಿಂದ ಈಗ ಅರ್ಜಿ ಹಾಕುವವರು ಅದರ 63ನೆಯ ಕಲಮಿನ ನಮೂನೆಯನ್ನು ನೋಡಿಕೊಳ್ಳಬೇಕು. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 14ನೆಯ ಕಲಮು ಸಾಕ್ಷ್ಯದ ಕಟ್ಟುಪಾಡುಗಳನ್ನು ಸಡಿಲಿಸಿದೆಯಲ್ಲ ಎಂದು ನಾನು ಎಲ್ಲೋ ಓದಿಕೊಂಡು ಹೋಗಿ ಕೇಳಿದೆ. ‘ಸಡಿಲ ಅಂತ ನಂಬಿಕೊಂಡು ಹೋಗೋದಕ್ಕಿಂತ ಬಿಗಿಯಾಗೇ ಕಟ್ಕೊಂಡು ಹೋಗೋಣ ಸರ್’ ಎಂದರು.

ಅವರು ಮೊದಲ ಭೇಟಿಯಲ್ಲೇ ಕೇಳಿದ, ಕಂಪನಿಯ ನಮೂನೆಯಲ್ಲಿ ಸುಳಿವೂ ಇಲ್ಲದ ಪ್ರಶ್ನೆಯೊಂದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಮಗಳು 2019ರಲ್ಲಿ ಒಮ್ಮೆ ತವರಿಗೆ ಬಂದಿದ್ದಳು. ಎರಡೂ ಕಡೆಯ ಹಿರಿಯರು ಕೂತು ಪಂಚಾಯಿತಿ ಮಾಡಿ, ನಾನೇ ಮುಂದೆ ನಿಂತು ಬುದ್ಧಿ ಹೇಳಿ ಅವಳನ್ನು ಗಂಡನ ಮನೆಗೆ ಬಿಟ್ಟುಬಂದಿದ್ದೆ. ಆ ನಂತರ ಇಬ್ಬರೂ ಒಂದೂವರೆ ವರ್ಷ ಕೂಡಿ ಬಾಳಿದರು. ಹಿಂದೂ ವಿವಾಹ ಅಧಿನಿಯಮದ 23(1)(ಬಿ) ಕಲಮಿನ ಪ್ರಕಾರ, ಕ್ರೌರ್ಯವನ್ನು ಅರ್ಜಿದಾರರು ಕ್ಷಮಿಸಿಲ್ಲ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಕ್ಷಮಿಸಿ ಮತ್ತೆ ಸಂಸಾರ ಮಾಡಿದವರು ಹಳೆಯದನ್ನೇ ಹಿಡಿದು ವಿಚ್ಛೇದನ ಕೇಳಲಾಗುವುದಿಲ್ಲ. ಅಂದರೆ ನಾನು ಒಳ್ಳೆಯದೆಂದು ಮಾಡಿದ ರಾಜಿಯೇ ಮಗಳ ಪ್ರಕರಣದ ಮೊದಲ ಎರಡು ವರ್ಷಗಳ ಕಷ್ಟವನ್ನು ಅಳಿಸಿಹಾಕುವಂತಿತ್ತು. ಆದರೆ 1975ರ ದಾಸ್ತಾನೆ ಪ್ರಕರಣದ ತೀರ್ಪಿನಲ್ಲಿ ಇದಕ್ಕೆ ಉತ್ತರವಿದೆ. ಕ್ಷಮೆ ಯಾವಾಗಲೂ ಷರತ್ತಿನದು. ಕ್ಷಮಿಸಲ್ಪಟ್ಟವರು ಮತ್ತೆ ಹಳೆಯ ಚಾಳಿಗೆ ಇಳಿದರೆ ಕ್ಷಮೆಯಾಗಿದ್ದ ಕ್ರೌರ್ಯವೂ ಮತ್ತೆ ಜೀವ ಪಡೆಯುತ್ತದೆ. ಹಾಗಾಗಿ ಅರ್ಜಿಯಲ್ಲಿ ಪಂಚಾಯಿತಿಯನ್ನು ಬಚ್ಚಿಡದೆ ಅದಕ್ಕೊಂದು ಪೂರ್ತಿ ಪ್ಯಾರಾ ಕೊಟ್ಟು, ಒಂಬತ್ತು ಘಟನೆಗಳಲ್ಲಿ ಆರು ಅದರ ನಂತರದವೇ ಆಗಿರುವಂತೆ ಆಯ್ದುಕೊಂಡಿದ್ದರು. ಎದುರು ವಕೀಲರು ಪಾಟಿ ಸವಾಲಿನಲ್ಲಿ ಪಂಚಾಯಿತಿಯ ಫೋಟೋವನ್ನು ದೊಡ್ಡ ಅಸ್ತ್ರದಂತೆ ಹೊರತೆಗೆದಾಗ ಅದು ನಮ್ಮ ಅರ್ಜಿಯಲ್ಲಿ ಆಗಲೇ ಇದ್ದ ಸಂಗತಿಯಾಗಿತ್ತು.

ಕಾನೂನಿನಲ್ಲಿ ‘ಕ್ರೌರ್ಯ’ ಎಂಬ ಶಬ್ದಕ್ಕೆ ವ್ಯಾಖ್ಯೆಯೇ ಇಲ್ಲವೆಂಬುದು ನನ್ನಂಥ ಗುಮಾಸ್ತಿಕೆಯ ಮನುಷ್ಯನಿಗೆ ಬಹಳ ದಿನ ಜೀರ್ಣವಾಗಲಿಲ್ಲ. 1955ರ ಮೂಲ ಅಧಿನಿಯಮದಲ್ಲಿ ಕ್ರೌರ್ಯವು ನ್ಯಾಯಿಕ ಪ್ರತ್ಯೇಕತೆಗೆ (ಮದುವೆ ಮುರಿಯದೆ ಬೇರೆ ಬಾಳಲು ನ್ಯಾಯಾಲಯ ಕೊಡುವ ಅನುಮತಿಗೆ) ಮಾತ್ರ ಕಾರಣವಾಗಿತ್ತು, ಅದೂ ಜೊತೆಯಲ್ಲಿ ಬಾಳಿದರೆ ಅಪಾಯವಾದೀತೆಂಬ ಭಯ ಹುಟ್ಟಿಸುವಷ್ಟು ತೀವ್ರವಾಗಿದ್ದರೆ. 1976ರ ತಿದ್ದುಪಡಿಯು ಆ ಮಾತನ್ನು ತೆಗೆದು, 13(1)(ಐಎ) ಎಂಬ ಹೊಸ ಉಪಕಲಮಿನ ಮೂಲಕ ಅದನ್ನು ವಿಚ್ಛೇದನದ ಕಾರಣವಾಗಿಸಿತು. ಉಳಿದದ್ದನ್ನು ತುಂಬಿಕೊಂಡು ಬಂದದ್ದು ತೀರ್ಪುಗಳು. 2007ರ ಸಮರ್ ಘೋಷ್ ತೀರ್ಪು ಮಾನಸಿಕ ಕ್ರೌರ್ಯಕ್ಕೆ 16 ಉದಾಹರಣೆಗಳನ್ನು ಕೊಟ್ಟಿದೆ. ಅದೇ ತೀರ್ಪು ಇವು ಕೇವಲ ನಿದರ್ಶನಗಳು, ಪೂರ್ಣ ಪಟ್ಟಿಯಲ್ಲ ಎಂದೂ ಹೇಳಿದೆ. ಕಂಪನಿಯ ಚೌಕಗಳು ಎಲ್ಲಿಂದ ಬಂದವೋ ನನಗೆ ತಿಳಿಯದು, ಆದರೆ ಆ ತೀರ್ಪನ್ನು ಓದಿದವರು ಚೌಕಗಳನ್ನು ಮಾಡುತ್ತಿರಲಿಲ್ಲ. ನಮ್ಮ ವಕೀಲೆಯ ಬಾಯಲ್ಲಿ ತೀರ್ಪುಗಳ ಹೆಸರು ಬರುತ್ತಿದ್ದುದು ಅಪರೂಪ. ಪುರಾವೆ ಎಷ್ಟು ಬೇಕು ಎಂದು ಕೇಳಿದಾಗ, ಕ್ರಿಮಿನಲ್ ಪ್ರಕರಣದಂತೆ ಎಳ್ಳಷ್ಟೂ ಸಂಶಯ ಉಳಿಯಬಾರದೆಂದಿಲ್ಲ, ತಕ್ಕಡಿ ನಮ್ಮ ಕಡೆ ತುಸು ವಾಲಿದರೆ ಸಾಕು ಎಂದಷ್ಟೇ ಹೇಳಿದ್ದರು. ಅದೂ ದಾಸ್ತಾನೆ ಪ್ರಕರಣದ ಮಾತೇ.

ಅರ್ಜಿ ದಾಖಲಾದದ್ದು 2022ರ ಜನವರಿಯಲ್ಲಿ. ಎದುರುದಾರನಿಗೆ ಕಳಿಸಿದ ಮೊದಲ ನೋಟಿಸು ‘ಬಾಗಿಲಿಗೆ ಬೀಗ’ ಎಂಬ ಷರಾ ಹೊತ್ತು ಮರಳಿತು, ಎರಡನೆಯದನ್ನು ಅವನ ಕಚೇರಿಯ ವಿಳಾಸಕ್ಕೆ ಕಳಿಸಬೇಕಾಯಿತು. ನೋಟಿಸು ಜಾರಿಯಾದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕೆಂದು 21ಬಿ ಕಲಮು ಹೇಳುತ್ತದೆ. ನಮಗೆ ಮೂರು ವರ್ಷ ಹಿಡಿಯಿತು. ಹಳೆಯ ಅಭ್ಯಾಸದಂತೆ ಡೈರಿಯಲ್ಲಿ ಗುರುತು ಹಾಕಿಟ್ಟಿದ್ದೇನೆ: ಒಟ್ಟು 36 ವಾಯಿದೆಗಳು, ಅವುಗಳಲ್ಲಿ 14ರಲ್ಲಿ ಮುಂದಿನ ದಿನಾಂಕ ಪಡೆದುಕೊಂಡು ಬಂದದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ನ್ಯಾಯಾಧೀಶರ ರಜೆ, ಎದುರು ವಕೀಲರ ಗೈರು, ಒಮ್ಮೆ ವಕೀಲರ ಕಲಾಪ ಬಹಿಷ್ಕಾರ. ಇವಕ್ಕೆ ನಮ್ಮ ವಕೀಲೆಯನ್ನು ದೂರಲಾರೆ. ಆದರೆ ಅವುಗಳಲ್ಲಿ ಮೂರು ಅವರದೇ.

ಅವರ ಸೇವೆಯ ದೋಷಗಳಲ್ಲಿ ಇದೇ ದೊಡ್ಡದು. ಬೇರೆ ನ್ಯಾಯಾಲಯದಲ್ಲಿ ಕೆಲಸ ಬಿದ್ದ ದಿನ ಕಡತವನ್ನೇ ನೋಡದ ಕಿರಿಯ ವಕೀಲರೊಬ್ಬರನ್ನು ಕಳಿಸುತ್ತಿದ್ದರು. ಅವರು ಕೈಕಟ್ಟಿ ನಿಂತು ಕಾಲಾವಕಾಶ ಕೇಳುತ್ತಿದ್ದರು. ಒಂದು ದಿನದ ರಜೆ ಹಾಕಿ ಬಂದ ಮಗಳಿಗೆ ಹಿಂದಿನ ಸಂಜೆಯೇ ಹೇಳಿದ್ದರೆ ಆ ರಜೆ ಉಳಿಯುತ್ತಿತ್ತು. ಸಂಜೆ ಏಳರ ಮೇಲೆ ಫೋನ್ ತೆಗೆಯುವುದಿಲ್ಲ, ಸಂದೇಶಕ್ಕೆ ಉತ್ತರ ಬರಲು ಎರಡು ದಿನ ಬೇಕು. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣವನ್ನು ಗುರುತಿಸುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ಮುಂದಿನ ದಿನಾಂಕವನ್ನು ನಾನೇ ನೋಡಿಕೊಳ್ಳುವುದನ್ನು ಕಲಿತ ಮೇಲೆ ಈ ತೊಂದರೆ ಅರ್ಧ ಕಡಿಮೆಯಾಯಿತು. ಹಣದ ಲೆಕ್ಕದಲ್ಲಿಯೂ ಒಂದು ತಕರಾರಿದೆ. ಒಟ್ಟು 60,000 ರೂ. ಶುಲ್ಕವನ್ನು ನಾಲ್ಕು ಕಂತುಗಳಲ್ಲಿ ಕೊಡುವುದೆಂದು ಮೊದಲೇ ಮಾತಾಗಿತ್ತು, ಕೊನೆಯವರೆಗೂ ಒಂದು ರೂಪಾಯಿ ಹೆಚ್ಚಿಗೆ ಕೇಳಲಿಲ್ಲ, ನಿಜ. ಆದರೆ ‘ಗುಮಾಸ್ತರ ಖರ್ಚು’ ಎಂದು ಆಗಾಗ ಹೋದ ಇನ್ನೂರು, ಐನೂರುಗಳಿಗೆ ಚೀಟಿಯೂ ಇಲ್ಲ, ಲೆಕ್ಕವೂ ಇಲ್ಲ; ನನ್ನ ಡೈರಿಯ ಪ್ರಕಾರ ಅದು 7,400 ರೂ.

ನ್ಯಾಯಾಲಯವು ಪ್ರಕರಣವನ್ನು ಮೊದಲು ಮಧ್ಯಸ್ಥಿಕೆಗೆ ಕಳಿಸಿತು. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 9ನೆಯ ಕಲಮು ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವಾಗಿಸಿದೆ. ನಾಲ್ಕು ಬಾರಿ ಕೂತರು. ಅಲ್ಲಿ ಆಡಿದ ಮಾತು ಗೋಪ್ಯವಾದದ್ದರಿಂದ ಬರೆಯುವಂತಿಲ್ಲ. ವಕೀಲೆಯ ನಡವಳಿಕೆಯನ್ನು ಮಾತ್ರ ಹೇಳಬಹುದು. ಹಿಂದೂ ವಿವಾಹ ಅಧಿನಿಯಮದ 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ದಾರಿಯಲ್ಲಿ ಹೋದರೆ ಬೇಗ ಮುಗಿಯುತ್ತದೆ, ಎರಡನೆಯ ಹಂತಕ್ಕೆ ಕಾಯಬೇಕಾದ ಆರು ತಿಂಗಳನ್ನೂ 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಿಸಬಹುದು, ತಮಗೆ ಸಿಗಬೇಕಾದ ಶುಲ್ಕ ಅದರಿಂದ ಅರ್ಧವಾಗುತ್ತದೆ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಮಗಳ ಮುಂದೆ ಬಿಡಿಸಿ ಇಟ್ಟರು. ಒಪ್ಪಂದವಾಗಲಿಲ್ಲ. ಆದರೆ ತನ್ನ ಆದಾಯ ಕಡಿಮೆಯಾಗುವ ದಾರಿಯನ್ನು ಕಕ್ಷಿದಾರರಿಗೆ ತಾವಾಗಿಯೇ ತೋರಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ಜೀವನಾಂಶದ ವಿಷಯದಲ್ಲಿ ಅವರು ಕಟ್ಟುನಿಟ್ಟಿನವರು. 2020ರ ರಜನೀಶ್ ಪ್ರಕರಣದ ತೀರ್ಪಿನ ಪ್ರಕಾರ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕು. ಮಗಳ ಸಂಬಳದ ಚೀಟಿಯನ್ನೂ ಅವಳ ಹೆಸರಿನಲ್ಲಿದ್ದ ಠೇವಣಿಯನ್ನೂ ಅವರು ಪೈಸೆ ಬಿಡದೆ ಬರೆಸಿದರು. ‘ಆದಾಯವಿಲ್ಲ’ ಎಂಬ ಆ ಹಳೆಯ ಕರಡಿನ ಸಾಲನ್ನು ಸಹಿ ಮಾಡಿ ಕೊಟ್ಟಿದ್ದರೆ ಪಾಟಿ ಸವಾಲಿನ ಮೊದಲ ಹತ್ತು ನಿಮಿಷದಲ್ಲಿ ಮಗಳು ಸುಳ್ಳುಗಾರ್ತಿಯಾಗುತ್ತಿದ್ದಳು, ಆಮೇಲೆ ಅವಳು ಹೇಳುವ ನಿಜವನ್ನು ಯಾರು ನಂಬುತ್ತಿದ್ದರು?

ಎದುರುದಾರನ ಆಕ್ಷೇಪಣೆ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಗಳ ನಡತೆಯ ಬಗ್ಗೆ, ಅವಳ ಸಹೋದ್ಯೋಗಿಯೊಬ್ಬರ ಹೆಸರು ಸೇರಿಸಿ, ಬರೆಯಬಾರದ್ದನ್ನು ಬರೆದಿದ್ದ. ಅವನ ಬಗ್ಗೆಯೂ ಹಾಗೆಯೇ ಬರೆಯಬೇಕೆಂದು ನಾನು ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮುನ್ನವೇ ಬಾಗಿಲಲ್ಲಿ ನಿಂತಿದ್ದೆ. ವಕೀಲೆ ಓದಿ, ಕನ್ನಡಕ ತೆಗೆದಿಟ್ಟು, ‘ಸರ್, ಇವರು ನಮ್ಮ ಕೆಲಸವನ್ನ ಹಗುರ ಮಾಡಿದಾರೆ. ನೀವು ದಯವಿಟ್ಟು ಸುಮ್ನಿರಿ’ ಎಂದರು. ಹೆಂಡತಿಯ ಶೀಲದ ಮೇಲೆ ಆಕ್ಷೇಪಣೆಯಲ್ಲಿ ಹೊರಿಸಿದ ಅಸಹ್ಯ ಆರೋಪಗಳು, ಆಮೇಲೆ ತಿದ್ದುಪಡಿ ಮಾಡಿ ತೆಗೆದುಹಾಕಿದರೂ, ಕ್ರೌರ್ಯವಾಗಿಯೇ ಉಳಿಯುತ್ತವೆ ಎಂದು 2003ರ ವಿಜಯಕುಮಾರ್ ಭಾಟೆ ತೀರ್ಪಿನಲ್ಲಿದೆ. ಆ ಆರೋಪಗಳನ್ನು ಸಾಬೀತು ಮಾಡಲು ಅವನು ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಮುಂದೆ ತೀರ್ಪಿನಲ್ಲಿ ನಮ್ಮ ಒಂಬತ್ತು ಘಟನೆಗಳಷ್ಟೇ ತೂಕ ಅವನ ಆ ಎರಡು ಪ್ಯಾರಾಗಳಿಗೂ ಸಿಕ್ಕಿತು.

ನಾನೂ ಎರಡನೆಯ ಸಾಕ್ಷಿಯಾಗಿದ್ದೆ. ನನ್ನ ಅಫಿಡವಿಟ್ಟಿಗಾಗಿ ಆರು ಪುಟ ಬರೆದುಕೊಂಡು ಹೋಗಿದ್ದೆ. ಅವರು ಒಂದೂಕಾಲು ಪುಟಕ್ಕೆ ಇಳಿಸಿದರು. ‘ಮಗಳು ಅತ್ತು ಹೇಳಿದ್ದು ಮಗಳೇ ಹೇಳ್ತಾಳೆ. ನೀವು ಕಣ್ಣಾರೆ ಕಂಡದ್ದು, ಕೈಯಾರೆ ಕೊಟ್ಟದ್ದು ಮಾತ್ರ ಹೇಳಿ.’ ಕೊನೆಗೆ ಉಳಿದದ್ದು ಮೂರು ಲಕ್ಷದ ಆರ್‌ಟಿಜಿಎಸ್, ಪಂಚಾಯಿತಿ, ಮತ್ತು ಮಾರ್ಚಿನ ಆ ರಾತ್ರಿ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡ ಸ್ಥಿತಿ. ಆ ಹಣ ಅಳಿಯನಿಗೆ ಕೊಟ್ಟ ಕೈಸಾಲವಲ್ಲವೇ ಎಂದು ಎದುರು ವಕೀಲರು ನಾಲ್ಕು ರೀತಿಯಲ್ಲಿ ಕೇಳಿದರು. ಒಂದೂಕಾಲು ಪುಟದಲ್ಲಿ ಇಲ್ಲದ್ದನ್ನು ಅವರು ಕೆದಕಲಾಗಲಿಲ್ಲ.

ಮಗಳ ಪಾಟಿ ಸವಾಲು ಎರಡು ದಿನ ನಡೆಯಿತು. ಸಾಕ್ಷಿಯಾಗಿದ್ದರಿಂದ ನಾನು ಹೊರಗಿನ ಬೆಂಚಿನಲ್ಲಿದ್ದೆ. ಅದಕ್ಕೂ ಮುಂಚೆ ವಕೀಲೆ ಅವಳಿಗೆ ಒಂದು ಉತ್ತರವನ್ನೂ ಹೇಳಿಕೊಟ್ಟಿರಲಿಲ್ಲ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಬೇಕು, ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎನ್ನಬೇಕು, ನ್ಯಾಯಾಧೀಶರ ಕಡೆ ನೋಡಿ ಮಾತಾಡಬೇಕು, ಇಷ್ಟೇ ತಯಾರಿ. ಗೃಹಪ್ರವೇಶದ ಫೋಟೋದಲ್ಲಿ ನಗುತ್ತಾ ನಿಂತಿದ್ದೀರಲ್ಲ ಎಂದು ಕೇಳಿದಾಗ, ‘ಫೋಟೋ ತೆಗೆಯೋರು ನಗಿ ಅಂದರು, ನಕ್ಕೆ’ ಎಂದಳಂತೆ.

ವಿಚ್ಛೇದನದ ಡಿಕ್ರಿ ಆದದ್ದು 2025ರ ಫೆಬ್ರವರಿಯಲ್ಲಿ. ನಂತರದ ಕೆಲಸವನ್ನೂ ಅವರು ಅರ್ಧಕ್ಕೆ ಬಿಡಲಿಲ್ಲ. ದೃಢೀಕೃತ ಪ್ರತಿಗೆ ತಾವೇ ಅರ್ಜಿ ಹಾಕಿಸಿದರು. ಮೇಲ್ಮನವಿಗೆ ಒಂದು ಕಾಯ್ದೆಯಲ್ಲಿ 30 ದಿನ, ಇನ್ನೊಂದರಲ್ಲಿ 90 ದಿನ ಎಂದಿರುವುದರಿಂದ ಎಚ್ಚರಿಕೆಗಾಗಿ ಉದ್ದನೆಯ ಅವಧಿಯನ್ನೇ ಲೆಕ್ಕ ಹಿಡಿಯಬೇಕು, ಅದು ಕಳೆಯುವವರೆಗೆ ಮರುಮದುವೆಯ ಮಾತನ್ನು ಎತ್ತಬಾರದು ಎಂದು ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು. ಆ ಎಚ್ಚರಿಕೆ ಅವಳಿಗೆ ಬೇಕಾಗಿಯೂ ಇತ್ತು.

ಇಂಥ ಸೇವೆಯನ್ನು ಹುಡುಕುವವರಿಗೆ ಎರಡು ವಿಷಯ ತಿಳಿದಿರಲಿ. ವಕೀಲರು ಜಾಹೀರಾತು ಕೊಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ, ಆದ್ದರಿಂದ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವವರು ಒಳ್ಳೆಯವರೆಂದೇನೂ ಅಲ್ಲ. ವಕೀಲರ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲವೆಂದು 2024ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ವೃತ್ತಿ ದುರ್ನಡತೆಯಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಇನ್ನು ನಾನು ಮೂರು ವರ್ಷ ತಡವಾಗಿ ತಿಳಿದ ಸಂಗತಿ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನ ಪ್ರಕಾರ ಯಾವುದೇ ಮಹಿಳೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100. ಆ ಸೇವೆಯನ್ನು ನಾವು ಪಡೆದಿಲ್ಲವಾದ್ದರಿಂದ ಅದರ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆನ್‌ಲೈನ್ ಕಂಪನಿಗೆ ಮೂರು ಪತ್ರ ಬರೆದ ಮೇಲೆ ಮುಂಗಡದಲ್ಲಿ 6,000 ರೂ. ಹಿಂದಿರುಗಿ ಬಂತು, ಉಳಿದ ಒಂಬತ್ತು ಸಾವಿರ ‘ಕರಡು ತಯಾರಿಕೆಯ ವೆಚ್ಚ’ ಎಂದರು. ಅವರಿಗೆ ಐದರಲ್ಲಿ ಒಂದು ಅಂಕ, ಅದು ಇಮೇಲ್ ಬೇಗ ಬಂದುದಕ್ಕೆ. ವಕೀಲೆಗೆ ನಾಲ್ಕು, ಕಿರಿಯ ವಕೀಲರ ಆ ಮೂರು ವಾಯಿದೆಗಳು ಇಲ್ಲದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಕೊನೆಯ ಕಂತನ್ನು ಕೊಡಲು ಹೋದ ದಿನ ಅವರು ಮೂಲ ದಾಖಲೆಗಳನ್ನು ಒಂದೊಂದಾಗಿ ಪಟ್ಟಿಗೆ ಹೋಲಿಸಿ ಒಪ್ಪಿಸಿ, ನೋಟ್‌ಬುಕ್ಕನ್ನು ಮಾತ್ರ ನನ್ನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು. ಗುಮಾಸ್ತರು ದಾಖಲೆಗಳಿಗೆ ನನ್ನ ಸಹಿ ಕೇಳಿದರು. ನಾನು 15,000 ರೂಪಾಯಿಗೆ ರಸೀದಿ ಕೇಳಿದೆ. ಕೊಟ್ಟರು.